ಸೋಮವಾರದ ನೂರು ರೊಟ್ಟಿ

ಚನ್ನಬಸವ್ವ ನವಲೂರ ಎಂಬ ಹೆಂಗಸನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಒಬ್ಬರ ಬಗ್ಗೆ ಬರೆಯಲು ಕೂತವರು ಮೊದಲ ಸಾಲಿನಲ್ಲೇ ಮಾಲೆ ಹಾಕಿ, ಶಾಲು ಹೊದಿಸಿ ಕೂಡ್ರಿಸಿಬಿಡುತ್ತಾರೆ. ನನ್ನಿಂದ ಅದು ಆಗದ ಕೆಲಸ. ಆಕೆಗೂ ನಾನೆಂದರೆ ಅಷ್ಟಕ್ಕಷ್ಟೆ. ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಆಚೆ ಈಚೆ ಕೂತು ನಾವು ಹಾವು ಮುಂಗುಸಿಯ ಹಾಗೆ ತಿಂಗಳುಗಟ್ಟಲೆ ಕಳೆದಿದ್ದೇವೆ.

ನನ್ನ ಹೆಸರು ಬಿಂದುಮಾಧವ. ಮೂವತ್ನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದವನು. ಧಾರವಾಡದ ನಮ್ಮ ಶಾಖೆಗೆ ಕಂಪ್ಯೂಟರ್ ಬಂದಾಗ ಉಳಿದವರು ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ದೂರ ನಿಂತರು. ನಾನೊಬ್ಬ ಕೂತು ಕಲಿತೆ, ಆಮೇಲೆ ಅವರಿಗೆಲ್ಲ ಬೈದು ಬೈದು ಕಲಿಸಿದೆ. ನಿವೃತ್ತನಾದ ಮೇಲೆ ಮನೆಯಲ್ಲಿ ಮಾಡಲು ಕೆಲಸವಿಲ್ಲದೆ ಹೆಂಡತಿಯ ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸತೊಡಗಿದೆ. ಸಾಸಿವೆಯ ಡಬ್ಬಿಗೆ ಜೀರಿಗೆ ಎಂದು ಅಂಟಿಸಿದ ದಿನ ಆಕೆ ಕೈಮುಗಿದು, ಹಗಲು ಹೊತ್ತು ಎಲ್ಲಿಯಾದರೂ ಹೋಗಿಬನ್ನಿ ಎಂದಳು. ಅದೇ ವಾರ ಡಾಕ್ಟರ್ ವಾಣಿಶ್ರೀ ಕರೆದರು.

ವಾಣಿಶ್ರೀಯವರು ಧಾರವಾಡದ 'ಹೊಸ್ತಿಲು' ಎಂಬ ಸಂಸ್ಥೆಯ ಅಧ್ಯಕ್ಷರು. ಗಂಡನ ಮನೆಯಲ್ಲಿ ಬಾಳಲಾರದೆ ಹೊರಬಂದ ಹೆಂಗಸರಿಗೆ ಅಲ್ಲಿ ಇರಲು ಜಾಗ, ಊಟ, ಕೈಗೊಂದು ಕೆಲಸ. ಮುಂದೆ ಕಚೇರಿ, ಹಿಂದೆ ಮೂವತ್ತು ಹೆಂಗಸರಿರುವ ಮನೆ, ನಡುವೆ ಉಗ್ರಾಣ. ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಂಪನಿ ಇವರಿಗೆ ಹೊಸ ಅಡುಗೆಮನೆ ಕಟ್ಟಿಸಿಕೊಡಲು ಒಪ್ಪಿತ್ತು. ಷರತ್ತು ಒಂದೇ. ಸಂಸ್ಥೆಗೆ ಯಾರು ಏನು ಕೊಡುತ್ತಾರೆ ಎಂಬುದೆಲ್ಲ ಯುಗಾದಿಯೊಳಗೆ ಒಂದು ಸಾಫ್ಟ್‌ವೇರಿನಲ್ಲಿ ಸೇರಿರಬೇಕು. ದಾನಿಯ ಹೆಸರು, ಊರು, ಮೊಬೈಲ್ ನಂಬರು, ಕೊಟ್ಟ ವಸ್ತು, ಕೊಟ್ಟ ದಿನ. ಸಾಫ್ಟ್‌ವೇರನ್ನು ಕಂಪನಿಯವರೇ ಕೊಡಿಸಿದರು. ಅದನ್ನು ಚನ್ನಬಸವ್ವಗೆ ಕಲಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಆಕೆಗೆ ಆಗ ಐವತ್ತಾರು. ಓದಿದ್ದು ಏಳನೆಯ ಇಯತ್ತೆ. ನವಲಗುಂದದ ಕಡೆ ಕೊಟ್ಟಿದ್ದರು. ಎಂಟು ವರ್ಷ ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ, ಈಕೆಯ ಹಾಸಿಗೆಯನ್ನು ದನದ ಕೊಟ್ಟಿಗೆಗೆ ಸರಿಸಿದ. ಅಲ್ಲೊಂದು ಮಳೆಗಾಲ ಕಳೆದು, ಒಂದು ಬೆಳಿಗ್ಗೆ ಎಮ್ಮೆ ಹಿಂಡಿ, ಹಾಲಿನ ತಂಬಿಗೆಯನ್ನು ಸವತಿಯ ಮುಂದಿಟ್ಟು, ಉಟ್ಟ ಸೀರೆಯಲ್ಲೇ ನಡೆದು ಬಸ್ಸು ಹಿಡಿದಳಂತೆ. ಹೊಸ್ತಿಲು ಶುರುವಾದ ವರ್ಷ ಬಂದ ಮೊದಲ ಐದು ಮಂದಿಯಲ್ಲಿ ಆಕೆ ಒಬ್ಬಳು. ಮೊದಲು ಅಡುಗೆ, ಆಮೇಲೆ ಉಗ್ರಾಣ, ಆಮೇಲೆ ದಾನದ ವಹಿ. ಇಪ್ಪತ್ತೆರಡು ವರ್ಷ. ಇದನ್ನೆಲ್ಲ ನನಗೆ ಹೇಳಿದವರು ವಾಣಿಶ್ರೀ. ಚನ್ನಬಸವ್ವ ತನ್ನ ಬಗ್ಗೆ ಒಂದಕ್ಷರ ಹೇಳಿದವಳಲ್ಲ. ಹೇಳಿದ್ದರೂ ಕೇಳುವ ಮನಸ್ಸು ನನಗಿರಲಿಲ್ಲ.

ಆಕೆಯ ವಹಿ ನೋಡಿದ ದಿನವೇ ನಮ್ಮ ಯುದ್ಧ ಶುರುವಾಯಿತು. ಉದ್ದನೆಯ ಕೆಂಪು ಬಟ್ಟೆಯ ವಹಿ. ಅದರಲ್ಲಿ ಹೀಗಿತ್ತು: 'ಹಳೆ ಸೀರಿ ಏಳು, ಕಮರಿಪೇಟಿ, ಮೂಗುತಿ ಅಕ್ಕಾರು.' 'ಬೆಲ್ಲ ಎರಡು ಪೆಂಟಿ, ಕುಂಟು ಸೇಠಜಿ.' 'ರೊಟ್ಟಿ ನೂರು, ಮುಗದ, ಕೆರಿ ಓಣಿ.' ಅಷ್ಟು ವರ್ಷದ ಬರಹದಲ್ಲಿ ನೆಟ್ಟಗೆ ಬರೆದ ಹೆಸರುಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಇವರಿಗೆಲ್ಲ ಹೆಸರಿಲ್ಲವೇ ಎಂದು ಕೇಳಿದೆ.

"ಕೊಟ್ಟ ಕೈ ನೋಡೇನ್ರಿ ರಾಯರ. ಹೆಸರು ತೊಗೊಂಡು ಏನು ಮಾಡ್ಲಿ?" ಎಂದಳು.

ನನಗೆ ಉರಿದುಹೋಯಿತು. ನಾನು ಕಂಡ ಲೋಕದಲ್ಲಿ ಗುಡಿಗೆ ಫ್ಯಾನು ಕೊಟ್ಟವನು ಅದರ ಮೂರು ರೆಕ್ಕೆಗೂ ತನ್ನ ಹೆಸರು ಬರೆಸುತ್ತಾನೆ. ಕೊಡುವವರಿಗೆ ಹೆಸರು ಬೇಡವಂತೆ, ಇವಳೊಬ್ಬಳು ದೊಡ್ಡ ಶರಣೆ ಎಂದುಕೊಂಡೆ.

ಮೌಸನ್ನು ಆಕೆ ಮೊದಲ ದಿನ ಹಿಟ್ಟು ನಾದುವಂತೆ ಒತ್ತಿದಳು. ಪರದೆಯ ಮೇಲಿನ ಬಾಣ ಮೂಲೆಗೆ ಹೋದರೆ ಮೌಸನ್ನೇ ಮೇಜಿನಿಂದ ಎತ್ತಿ ಗಾಳಿಯಲ್ಲಿ ತಂದಳು. ನಾನು ಕೂಗಾಡಿದೆ. ನನ್ನ ಕೂಗಿಗೆ ಬ್ಯಾಂಕಿನಲ್ಲಿ ಮ್ಯಾನೇಜರುಗಳೇ ಬೆವರಿದ್ದುಂಟು. ಈಕೆ ಮಾತ್ರ ನಾನು ದನಿ ಏರಿಸಿದ ಕೂಡಲೇ ಎದ್ದು ಅಡುಗೆಮನೆಗೆ ಹೋಗುವಳು, ಚಹಾ ಕುಡಿದು ಹದಿನೈದು ನಿಮಿಷಕ್ಕೆ ಬಂದು, ಈಗ ಇಳಿಯಿತೋ ಇನ್ನೊಂದು ಸಲ ಹೋಗಿಬರಲೋ ಎಂದು ಕೇಳುವಳು. ಎಮ್ಮೆಯ ಮುಂದೆ ಕಿನ್ನರಿ ಬಾರಿಸಿದಂತಾಯಿತು ನನ್ನ ಬಾಳು ಎಂದೆ ಒಮ್ಮೆ. ಎಮ್ಮೆ ಹಾಲಾದರೂ ಕೊಡುತ್ತದೆ, ಕಿನ್ನರಿ ಏನು ಕೊಡುತ್ತದೆ ಎಂದಳು. ಮರುದಿನದಿಂದ ನನ್ನ ಚಹಾಕ್ಕೆ ಸಕ್ಕರೆ ಬರುವುದು ನಿಂತಿತು. ಕೇಳಿದರೆ ಡಾಕ್ಟರಬಾಯಿ ಹೇಳಿದ್ದಾರೆ ಎಂದಳು. ವಾಣಿಶ್ರೀಯವರನ್ನು ವಿಚಾರಿಸಿದೆ. ಅವರು ಹಾಗೇನೂ ಹೇಳಿರಲಿಲ್ಲ.

ಆದರೂ ಕಲಿತಳು. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೆ ಮೂರು ವಾರದಲ್ಲಿ ಕಲಿತಳು. ಒಂದೇ ಬೆರಳಿನಲ್ಲಿ, ಪ್ರತಿ ಅಕ್ಷರವನ್ನೂ ಬಾಯಲ್ಲಿ ಅಂದುಕೊಳ್ಳುತ್ತ, ತಪ್ಪಿಲ್ಲದೆ ಹೊಡೆಯುವಳು. ಹೆಸರು ಹೇಳಲು ಅಡ್ಡಿಯಿಲ್ಲದ ದಾನಿಗಳನ್ನೆಲ್ಲ ಹುಡುಕಿ, ಕೇಳಿ, ನಂಬರು ಸಮೇತ ತುಂಬಿದಳು. ಹೆಸರು ಬೇಡವೆಂದ ಕೆಲವರು ಮತ್ತು ಮುಗದದ ರೊಟ್ಟಿ ಮಾತ್ರ ಹಾಗೇ ಉಳಿದವು.

ಸೋಮವಾರ ಬಂತೆಂದರೆ ನನ್ನ ಪಾಠ ಅರ್ಧಕ್ಕೆ ನಿಲ್ಲುತ್ತಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಹತ್ತಿರದ ಹಳ್ಳಿ ಮುಗದದಿಂದ ಸಂಗವ್ವ ಎಂಬ ಅರವತ್ತರ ಸುಮಾರಿನ ಹೆಂಗಸು ಬಿಳಿ ಬಟ್ಟೆಯ ಗಂಟು ಹೊತ್ತು ಬರುವಳು. ಗಂಟಿನಲ್ಲಿ ಕಟಿಕಟಿ ಒಣಗಿದ ಜೋಳದ ರೊಟ್ಟಿ. ಚನ್ನಬಸವ್ವ ಮೌಸು ಬಿಟ್ಟು ಎದ್ದು, ಎಣಿಸಿ ತೆಗೆದುಕೊಳ್ಳುತ್ತೇನೆ ಎಂದು ಆಕೆಯನ್ನು ಉಗ್ರಾಣಕ್ಕೆ ಕರೆದೊಯ್ದು ಬಾಗಿಲು ಹಾಕಿಕೊಳ್ಳುವಳು. ಹೊರಗೆ ಬರುವುದು ಒಂದೂವರೆ ತಾಸಿಗೆ. ನೂರು ರೊಟ್ಟಿ ಎಣಿಸಲು ಒಂದೂವರೆ ತಾಸು. ನೂರು ನೋಟಿನ ಕಟ್ಟನ್ನು ಒಂದೇ ನಿಮಿಷದಲ್ಲಿ ಎಣಿಸಿದ ಕೈ ನನ್ನದು. ಮೂರು ಸೋಮವಾರ ಹಲ್ಲು ಕಚ್ಚಿ ಕೂತೆ. ನಾಲ್ಕನೆಯ ಸೋಮವಾರ ಎದ್ದು ಹೋಗಿ ಬಾಗಿಲು ತಳ್ಳಿದೆ.

ರೊಟ್ಟಿಯ ಗಂಟು ಬಿಚ್ಚದೆ ಮೂಲೆಯಲ್ಲಿತ್ತು. ಸಂಗವ್ವ ಜೋಳದ ಚೀಲದ ಮೇಲೆ ಕೂತಿದ್ದಳು. ಆಕೆಯ ಕಾಲ ಬಳಿ ಇಪ್ಪತ್ನಾಲ್ಕು ವರ್ಷದ ಒಬ್ಬ ಹುಡುಗಿ, ಹಿಂದಿನ ಮನೆಯವಳು, ಹೆಸರು ಸೌಮ್ಯಾ, ಕೂದಲು ಬಿಚ್ಚಿಕೊಂಡು ಕೂತಿದ್ದಳು. ಸಂಗವ್ವ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ನನ್ನನ್ನು ಕಂಡದ್ದೇ ಸಂಗವ್ವನ ಕೈಯಿಂದ ಬಾಚಣಿಗೆ ಬಿತ್ತು. ಬಾಗಿಲ ಹಿಂದೆಯೇ ನಿಂತಿದ್ದ ಚನ್ನಬಸವ್ವ ನನ್ನ ರಟ್ಟೆ ಹಿಡಿದು ಹೊರಗೆ ಎಳೆತಂದಳು.

ಆಗ ಹೇಳಿದಳು. ಸೌಮ್ಯಾ ಸಂಗವ್ವನ ಮಗಳು. ಅವಳನ್ನು ಅಪ್ಪನ ಅಕ್ಕನ ಮಗನಿಗೇ ಕೊಟ್ಟಿದ್ದರು. ಅವನು ಎರಡು ಸಲ ಅವಳ ಕೈ ಮುರಿದ. ಮೂರನೆಯ ಸಲ ಕೈ ಎತ್ತಿದ ದಿನ ಅವಳು ಇಲ್ಲಿಗೆ ಬಂದಳು. ಅಕ್ಕನ ಮನೆಯ ಮರ್ಯಾದೆ ಹೋಯಿತೆಂದು ಅಪ್ಪ ದ್ಯಾಮಣ್ಣ ಓಣಿಯಲ್ಲಿ ನಿಂತು, ನನ್ನ ಮಗಳು ಸತ್ತಳು, ಅವಳ ಮುಖ ನೋಡಿದವರು ನನ್ನ ಮನೆಯಲ್ಲಿ ಇರುವ ಹಾಗಿಲ್ಲ ಎಂದು ಸಾರಿದ. ಕೆರೆ ಓಣಿಯ ಹೆಂಗಸರು ಪ್ರತಿ ಸೋಮವಾರ ಧಾರವಾಡದ ಮಠದ ದಾಸೋಹಕ್ಕೆ ರೊಟ್ಟಿ ಕಳಿಸುವ ಪದ್ಧತಿ ಹಿಂದಿನಿಂದ ಇತ್ತು. ಈಗ ಮನೆಗೆ ಎರಡು ರೊಟ್ಟಿ ಹೆಚ್ಚು ಬಡಿದು ಎರಡು ಗಂಟು ಕಟ್ಟುತ್ತಾರೆ. ಒಂದು ಗಂಟು ಮಠಕ್ಕೆ, ಇನ್ನೊಂದು ಇಲ್ಲಿಗೆ. ಎರಡನ್ನೂ ತರುವವಳು ಸಂಗವ್ವ. ಮಠಕ್ಕೆ ಹೋಗುತ್ತೇನೆ ಎಂದು ಹೇಳಿ ಮಠಕ್ಕೂ ಹೋಗುತ್ತಾಳೆ, ಆದ್ದರಿಂದ ಸುಳ್ಳೂ ಅಲ್ಲ. ಓಣಿಯ ಪ್ರತಿ ಹೆಂಗಸಿಗೂ ಇದು ಗೊತ್ತು, ಒಬ್ಬ ಗಂಡಸಿಗೂ ಗೊತ್ತಿಲ್ಲ.

"ದ್ಯಾಮಣ್ಣಗ ತಿಳೀತಂದ್ರ ಆಕೀನ ಮನ್ಯಾಗ ಇಟಗೊಳ್ಳಂಗಿಲ್ಲ," ಎಂದಳು ಚನ್ನಬಸವ್ವ. "ಮಗಳು ಬೇಕು, ಮನೀನೂ ಬೇಕು ಆಕಿಗೆ. ಎರಡೂ ಉಳೀಲಿ ಅಂತ ನಾ ಈ ಬಾಗಲಾ ಕಾಯಾಕತ್ತೇನಿ."

ಬಾಗಿಲು ತಳ್ಳಿದ್ದಕ್ಕೆ ನನಗೆ ನಾಚಿಕೆಯಾಯಿತು. ನನ್ನ ಸ್ವಭಾವ ಎಂಥದೆಂದರೆ, ನಾಚಿಕೆಯಾದರೆ ಅದು ನಿಮಿಷದೊಳಗೆ ಸಿಟ್ಟಾಗುತ್ತದೆ. ಅದೆಲ್ಲ ಸರಿ, ರೊಟ್ಟಿ ಸಂಸ್ಥೆಗೆ ಬಂದಿದೆ ಎಂದಮೇಲೆ ಸಾಫ್ಟ್‌ವೇರಿಗೂ ಬರಬೇಕು, ಹೆಸರು ಹಾಕಿ ನಂಬರು ಹಾಕಿ ಎಂದೆ.

ಆಕೆ ಪರದೆಯ ಮುಂದೆ ಬಂದು ಕೂತಳು. ದಾನ ತುಂಬಿ ಗುಂಡಿ ಒತ್ತಿದ ಕೂಡಲೇ ಆ ಸಾಫ್ಟ್‌ವೇರು ದಾನಿಯ ಫೋನಿಗೆ ಧನ್ಯವಾದದ ಸಂದೇಶ ಕಳಿಸುತ್ತಿತ್ತು. ದಾನಿಯ ಹೆಸರು, ಕೊಟ್ಟ ವಸ್ತು, ಸಂಸ್ಥೆಯ ಹೆಸರು, ವಿಳಾಸ, ಎಲ್ಲ ಅದರಲ್ಲಿ. ಮೊದಲ ದಿನ ನಾನೇ ಅದನ್ನು ಹೆಮ್ಮೆಯಿಂದ ತೋರಿಸಿದ್ದೆ.

"ರಾಯರ, ಇದು ಫೋನಿಗೆ ಕಳಸತೈತಲ್ಲ, ಅದನ್ನ ಕಳಸಧಂಗ ಮಾಡಾಕ ಏನರ ಐತೇನ್ರಿ?"

ನನಗೆ ಗೊತ್ತಿರಲಿಲ್ಲ. ಕಂಪನಿಯವರು ಕೊಟ್ಟ ಕೈಪಿಡಿ ತೊಂಬತ್ತು ಪುಟದ್ದು. ನಾನು ಓದಿದ್ದು ಇಪ್ಪತ್ತು. ಗೊತ್ತಿಲ್ಲದವನು ಗೊತ್ತಿಲ್ಲ ಎನ್ನಬೇಕು. ಆ ಮಾತನ್ನು ನಾನು ಮೂವತ್ನಾಲ್ಕು ವರ್ಷದ ನೌಕರಿಯಲ್ಲಿ ಒಮ್ಮೆಯೂ ಆಡಿರಲಿಲ್ಲ, ಅದೂ ಏಳನೆಯ ಇಯತ್ತೆಯವಳ ಮುಂದೆ ಆಡುವುದು ಹೇಗೆ?

"ಇಲ್ಲ," ಎಂದೆ. "ಹಂಗ ಮಾಡ್ಲಿಕ್ಕೆ ಬರೂದಿಲ್ಲ. ನಂಬರ್ ಹಾಕಿದ್ರ ಹೋಗೇ ಹೋಗ್ತದ."

ಆಕೆ ನನ್ನ ಮುಖ ನೋಡಿ, ಆಯಿತು ಎಂದು ಮತ್ತೆ ಬೆರಳು ಊರಿದಳು.

ಯುಗಾದಿಗೆ ಎರಡು ವಾರವಿದ್ದಾಗ ಟ್ರಸ್ಟಿಗಳ ಸಭೆ ಕರೆದರು. ಕಂಪನಿಯಿಂದಲೂ ಇಬ್ಬರು ಬಂದಿದ್ದರು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗೋಡೆಯ ಮೇಲೆ ಪರದೆ ಬಿಡಿಸಿ, ಈ ವರ್ಷದ ಹತ್ತು ದೊಡ್ಡ ದಾನಿಗಳ ಪಟ್ಟಿ ತೆಗೆ ಎಂದು ಗುಂಡಿ ಒತ್ತಿದೆ. ಮೊದಲ ಹೆಸರು ಚನ್ನಬಸವ್ವ ನವಲೂರ. ಐದು ಸಾವಿರದ ಇನ್ನೂರು ರೊಟ್ಟಿ, ಮುನ್ನೂರು ಹಳೆಯ ಸೀರೆ, ಎಂಬತ್ತು ಪೆಂಟೆ ಬೆಲ್ಲ. ಆಕೆ ಮಾಡಿದ್ದು ಇಷ್ಟೆ: ಮುಗದದ ರೊಟ್ಟಿಯ ಸಾಲಿನಲ್ಲಿ ನಂಬರಿನ ಜಾಗಕ್ಕೆ ತನ್ನ ನಂಬರು ಹೊಡೆದಿದ್ದಳು. ಹೆಸರು ಬೇಡವೆಂದ ಇನ್ನೂ ಕೆಲವರಿಗೂ ಹಾಗೇ ಮಾಡಿದ್ದಳು. ಸಾಫ್ಟ್‌ವೇರಿಗೆ ಒಂದು ನಂಬರೆಂದರೆ ಒಬ್ಬ ಮನುಷ್ಯ. ಅದು ಎಲ್ಲವನ್ನೂ ಗುಡ್ಡೆ ಹಾಕಿ, ಆ ನಂಬರಿನೊಡನೆ ಮೊದಲೇ ಇದ್ದ ಆಕೆಯ ಹೆಸರಿಗೆ ಕಟ್ಟಿತ್ತು. ಒಂದು ತಿಂಗಳಿನಿಂದ ಧನ್ಯವಾದಗಳೆಲ್ಲ ಆಕೆಯ ಫೋನಿಗೇ ಬಂದು ಬೀಳುತ್ತಿದ್ದವು.

ಕಂಪನಿಯವರು ನಕ್ಕರು. ನಿಮ್ಮ ಗುಮಾಸ್ತೆ ನಮಗಿಂತ ದೊಡ್ಡ ದಾನಿ, ಅಡುಗೆಮನೆ ಅವರೇ ಕಟ್ಟಿಸಲಿ ಎಂದರು. ಒಬ್ಬ ಟ್ರಸ್ಟಿ, ಇಷ್ಟು ರೊಟ್ಟಿ ನಿಜವಾಗಿ ಬಂದಿವೆಯೋ ಬರೀ ಬರೆದಿದ್ದಾರೋ ಎಂದು ಗೊಣಗಿದ. ಕಲಿಸಿದವನು ನಾನು, ಮರ್ಯಾದೆ ಹೋದದ್ದು ನನ್ನದು. ಎಲ್ಲರ ಮುಂದೆ ಎದ್ದು ನಿಂತು, ಇದು ಮೋಸ, ಬ್ಯಾಂಕಿನಲ್ಲಾಗಿದ್ದರೆ ಈಕೆಯನ್ನು ಅದೇ ದಿನ ಮನೆಗೆ ಕಳಿಸುತ್ತಿದ್ದರು ಎಂದೆ.

"ಮೋಸ ಅಲ್ರಿ," ಎಂದಳು ಹಿಂದಿನಿಂದ. "ನಿಮ್ಮ ಡಬ್ಬಿಗೆ ನಂಬರ ಬೇಕಾಗಿತ್ತು. ನಂದು ಕೊಟ್ಟೇನಿ."

ಯಾಕೆ ಹಾಗೆ ಮಾಡಿದಿರಿ ಎಂದು ವಾಣಿಶ್ರೀ ಕೇಳಿದರು. ಹೊರಗಿನವರು ತುಂಬಿದ ಕೋಣೆಯಲ್ಲಿ ಕಾರಣ ಹೇಳುವ ಹಾಗಿರಲಿಲ್ಲ. ಕಾರಣ ನನಗೆ ಗೊತ್ತಿತ್ತು. ಸಭೆ ಮುಗಿದ ಮೇಲೆ ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು ಎರಡು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಅನುಭವಿಸಲಿ ಎಂದುಕೊಂಡೆ. ಯುಗಾದಿಯೊಳಗೆ ಎಲ್ಲ ಸರಿಪಡಿಸಿ, ದಾನಿಗಳ ನಿಜವಾದ ನಂಬರು ಹಾಕಿ ಎಂದು ನಮ್ಮಿಬ್ಬರಿಗೂ ಅಪ್ಪಣೆಯಾಯಿತು.

ಮುಂದಿನ ಸೋಮವಾರ ಚನ್ನಬಸವ್ವ ಹುಬ್ಬಳ್ಳಿಗೆ ಹೊರಟಳು. ಕಮರಿಪೇಟೆಯ ವ್ಯಾಪಾರಿಯೊಬ್ಬರು ಹಾಸಿಗೆಯ ಚಾದರ ಕೊಡುವುದಿತ್ತು. ಚಿಗರಿ ಬಸ್ಸಿಗೆ ಹೋಗುವ ಮುಂಚೆ ನನ್ನ ಮೇಜಿನ ಮುಂದೆ ನಿಂತು, ಸಂಗವ್ವ ಬಂದರೆ ಉಗ್ರಾಣಕ್ಕೆ ಕಳಿಸಿ, ಏನೂ ಕೇಳಬೇಡಿ, ನಂಬರಿನ ವಿಚಾರ ನಾನು ನೋಡಿಕೊಳ್ಳುತ್ತೇನೆ ಎಂದಳು. ಶಿಪಾಯಿಗೆ ಹೇಳುವ ದನಿಯಲ್ಲಿ ಹೇಳಿದಳು ಎಂದು ನನಗನ್ನಿಸಿತು. ಅದು ಒಳಗೆ ಚುಚ್ಚಿ ಕೂತಿತು.

ಹನ್ನೊಂದಕ್ಕೆ ಸಂಗವ್ವ ಬಂದಳು. ಕೂಡ್ರಿ ಎಂದೆ. ಆಕೆ ಉಗ್ರಾಣದ ಬಾಗಿಲನ್ನೊಮ್ಮೆ ನೋಡಿ, ಕುರ್ಚಿಯ ಅಂಚಿನಲ್ಲಿ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. ಹೆಸರು ಹೇಳಿದಳು, ಊರು ಹೇಳಿದಳು. ಗಂಡನ ಹೆಸರು ಕೇಳಿದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದಳು. ಆ ವಯಸ್ಸಿನ ನಮ್ಮ ಕಡೆಯ ಹೆಂಗಸು ಗಂಡನ ಹೆಸರು ಹೇಳುವುದಿಲ್ಲ, ಅದು ನನಗೂ ಗೊತ್ತು. ನನಗೆ ಬೇಕಾದದ್ದು ಹೆಸರೂ ಅಲ್ಲ. ಮೊಬೈಲ್ ನಂಬರು ಎಷ್ಟು ಎಂದೆ.

ಯಾಕೆ ಎಂದು ಕೇಳಿದಳು. ಕಂಪ್ಯೂಟರಿಗೆ ಎಂದೆ. ಆಕೆಗೆ ಬಾಯಿಪಾಠವಿದ್ದದ್ದು ಒಂದೇ ನಂಬರು. ಜಾತ್ರೆಯಲ್ಲಿ, ಸ್ಟೇಶನ್ನಿನಲ್ಲಿ ಎಲ್ಲಾದರೂ ತಪ್ಪಿಸಿಕೊಂಡರೆ ಹೇಳಲು ಇರಲಿ ಎಂದು ಮಗ ಶಿವಯೋಗೀಶ ಕಲಿಸಿದ್ದ. ಮನೆಗೆ ಇದ್ದದ್ದು ಅದೊಂದೇ ಫೋನು, ಅದು ಗಂಡನ ಅಂಗಿಯ ಕಿಸೆಯಲ್ಲಿ ಇರುವಂಥದ್ದು. ಗಂಡನ ಹೆಸರನ್ನು ನಾಲಿಗೆಗೆ ತಾರದವಳು ಅವನ ನಂಬರನ್ನು ಮಗ್ಗಿ ಒಪ್ಪಿಸಿದಂತೆ ಗಡಗಡ ಒಪ್ಪಿಸಿದಳು. ಹೇಳಿ ಮುಗಿಸಿ, ಹೋಗಲೇ ಎಂದು ಕೇಳಿದಳು. ಹೊತ್ತು ಹೋಗುತ್ತಿತ್ತು ಆಕೆಗೆ.

ನಾನು ಹಿಂದಿನ ಒಂದು ವರ್ಷದ ಐವತ್ತೆರಡು ಸೋಮವಾರವನ್ನೂ ಸೇರಿಸಿ ಗುಂಡಿ ಒತ್ತಿದೆ. ಸಂದೇಶ ಹೋಗುತ್ತದೆ ಎಂಬುದು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಹೊಲದಲ್ಲಿರುವ ಗಂಡಸು, ದಿನಕ್ಕೆ ಇಂಥ ಇಪ್ಪತ್ತು ಬರುತ್ತವೆ, ಯಾರು ಓದುತ್ತಾರೆ ಎಂದುಕೊಂಡೆ. ಅದಕ್ಕಿಂತ ದೊಡ್ಡದಾಗಿ ಇನ್ನೊಂದು ಮಾತು ತಲೆಯಲ್ಲಿತ್ತು: ಚನ್ನಬಸವ್ವ ತಿಂಗಳಾನುಗಟ್ಟಲೆ ಮುಚ್ಚಿಟ್ಟದ್ದನ್ನು ನಾನು ಎರಡು ನಿಮಿಷದಲ್ಲಿ ಮುಗಿಸಿದೆ, ಸಂಜೆ ಬರಲಿ, ತೋರಿಸುತ್ತೇನೆ.

ಸಂಜೆ ಬಂದಳು, ಚಾದರದ ಮೂಟೆಯೊಂದಿಗೆ. ಪರದೆಯನ್ನು ಆಕೆಯ ಕಡೆ ತಿರುಗಿಸಿದೆ. ಓದಿದಳು. ನಂಬರಿನ ಮೇಲೆ ಬೆರಳಿಟ್ಟು, ಇದು ಯಾರದು ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೂಟೆಯ ಮೇಲೆ ಕೂತಳು. ಬೈಯುತ್ತಾಳೆ ಎಂದು ಕಾದೆ, ಬೈಗುಳಕ್ಕೆ ಉತ್ತರವನ್ನೂ ಜೋಡಿಸಿಟ್ಟುಕೊಂಡಿದ್ದೆ. ಬೈಯಲಿಲ್ಲ. ಸಾಫ್ಟ್‌ವೇರಿನವರ ಸಹಾಯವಾಣಿಗೆ ಫೋನು ಹಚ್ಚಿದಳು. ಇಪ್ಪತ್ತು ನಿಮಿಷ ಹಾಡು ಕೇಳಿಸಿದ ಮೇಲೆ ಯಾರೋ ಹುಡುಗಿ ಎತ್ತಿದಳು. ಚನ್ನಬಸವ್ವ ತನ್ನ ಮಾತಿನಲ್ಲೇ ಕೇಳಿದಳು, ಆಕೆ ಹೇಳಿದಳು. ದಾನಿಯ ವಿವರದ ಮೂರನೆಯ ಪುಟದ ಕೆಳಗೆ ಒಂದು ಸಣ್ಣ ಚೌಕ. ಅದರಲ್ಲಿ ಗುರುತು ಹಾಕಿದರೆ ಸಂದೇಶ ಹೋಗುವುದಿಲ್ಲ.

ಹೋದದ್ದು ಹೋಗಿಯಾಗಿತ್ತು, ಆದರೂ ನನ್ನ ಕಣ್ಣೆದುರೇ ಆ ಚೌಕದಲ್ಲಿ ಗುರುತು ಹಾಕಿದಳು. "ಇಲ್ಲ ಅಂದಿದ್ರಿ," ಎಂದಳು.

ಕೈಪಿಡಿಯಲ್ಲಿ ಹಾಗೆ ಬರೆದಿಲ್ಲ ಎಂದೆ ನಾನು. ಮನೆಗೆ ಹೋಗಿ ತೆಗೆದು ನೋಡಿದೆ. ಅರವತ್ತೊಂದನೆಯ ಪುಟದಲ್ಲಿ ಚಿತ್ರ ಸಮೇತ ಬರೆದಿತ್ತು.

ಆ ವಾರ ಚನ್ನಬಸವ್ವ ನನ್ನನ್ನು ಏನೂ ಕೇಳಲಿಲ್ಲ. ಕೈಪಿಡಿಯನ್ನು ತಾನೇ ಇಟ್ಟುಕೊಂಡಳು. ತನ್ನ ಹೆಸರಿಗೆ ಗಂಟು ಬಿದ್ದಿದ್ದ ದಾನಗಳನ್ನು ಒಂದೊಂದಾಗಿ ಬಿಡಿಸಿದಳು, ಹೆಸರು ಬೇಡವೆಂದವರನ್ನು 'ಹೆಸರು ಗುಪ್ತ' ಎಂಬ ವಿಭಾಗಕ್ಕೆ ಹಾಕಿದಳು. ಅಂಥದೊಂದು ವಿಭಾಗ ಇರುವುದೂ ನನಗೆ ಗೊತ್ತಿರಲಿಲ್ಲ. ಪಟ್ಟಿ ಸರಿಯಾಯಿತು, ಕಂಪನಿಯವರು ಒಪ್ಪಿದರು. ಕೆಲಸ ಮುಗಿದ ಸಂತೋಷ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

ಸೋಮವಾರ ಸಂಗವ್ವ ಬರಲಿಲ್ಲ. ಸೌಮ್ಯಾ ಉಗ್ರಾಣ ಗುಡಿಸಿ, ಬಾಚಣಿಗೆ ಹಿಡಿದುಕೊಂಡು ಜೋಳದ ಚೀಲದ ಮೇಲೆ ಹನ್ನೊಂದರಿಂದ ಒಂದರವರೆಗೆ ಕೂತಳು. ನಾನು ಆ ಕಡೆ ನೋಡದೆ ಬೆರಳಚ್ಚು ಮಾಡುತ್ತಿದ್ದೆ. ಏನು ಮಾಡುತ್ತಿದ್ದೆ ಎಂದು ಈಗ ನೆನಪಿಲ್ಲ, ಬಹುಶಃ ಏನೂ ಇಲ್ಲ. ಚನ್ನಬಸವ್ವ ಮಠಕ್ಕೆ ಹೋಗಿ ವಿಚಾರಿಸಿ ಬಂದಳು. ಮುಗದದಿಂದ ಈ ಸಲ ಒಂದೇ ಗಂಟು ಬಂದಿತ್ತು. ತಂದವನು ಶಿವಯೋಗೀಶ, ಬೈಕಿನ ಮೇಲೆ.

ಬುಧವಾರ ಮಧ್ಯಾಹ್ನ ಸಂಗವ್ವ ಬಂದಳು. ತಲೆಯ ಮೇಲೆ ಗಂಟಿರಲಿಲ್ಲ, ಕೈಯಲ್ಲಿ ಒಂದು ಬಟ್ಟೆಯ ಚೀಲವಿತ್ತು. ನಡೆದೇ ಬಂದಿದ್ದಳೋ ಏನೋ, ಕಾಲೆಲ್ಲ ಕೆಂಪು ಧೂಳು. ಚನ್ನಬಸವ್ವ ನೀರು ಕೊಟ್ಟು ಕೂಡ್ರಿಸಿದಳು. ಸಂಗವ್ವ ಅಳದೆ ಹೇಳಿದಳು. ಆ ಸೋಮವಾರ ರಾತ್ರಿ ಉಣ್ಣುವ ಹೊತ್ತಿಗೆ, ಹಗಲು ಬಂದು ಬಿದ್ದಿದ್ದ ಸಂದೇಶ ಫೋನಿನಲ್ಲಿ ಕಣ್ಣಿಗೆ ಬಿತ್ತು. ಮಗ ತೆಗೆದು ಗಟ್ಟಿಯಾಗಿ ಓದಿದ. ಹೊಸ್ತಿಲು, ಧಾರವಾಡ, ಐವತ್ತೆರಡು ವಾರ, ಐದು ಸಾವಿರದ ಇನ್ನೂರು ರೊಟ್ಟಿ. ದ್ಯಾಮಣ್ಣ ತಾಟಿನಲ್ಲೇ ಕೈ ತೊಳೆದು ಎದ್ದ. ಎಂಟು ದಿನ ಮಾತಾಡಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಆಕೆಯ ಬಟ್ಟೆ ತಂದು ಕಟ್ಟೆಯ ಮೇಲೆ ಇಟ್ಟು, ಸತ್ತವಳ ಮನೆಗೇ ಹೋಗು ಎಂದ. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಯಾರೂ ತುಟಿ ಎರಡು ಮಾಡುವಂತಿರಲಿಲ್ಲ, ಅವರವರ ಗಂಡಂದಿರೂ ಬೆನ್ನ ಹಿಂದೆಯೇ ನಿಂತಿದ್ದರು.

"ಬರೂ ಐತಾರ ಸೊಸಿದು ಕುಬಸ ಐತ್ರಿ," ಎಂದಳು ಸಂಗವ್ವ. "ಚೊಚ್ಚಲ ಬಸರಿ. ಹಸರ ಸೀರಿ ನಾನ ಆರಿಸಿ ತಂದಿದ್ದೆ. ಉಡಸಾಕ ನಾ ಇರಂಗಿಲ್ಲಲ್ರಿ."

ಒಳಗಿನಿಂದ ಸೌಮ್ಯಾ ಓಡಿಬಂದು ತಾಯಿಯ ಮಡಿಲಲ್ಲಿ ಮುಖ ಹುದುಗಿಸಿದಳು. ಇಬ್ಬರೂ ಬಾಯಿಬಿಟ್ಟು ಅತ್ತರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ. ಏನಾದರೂ ಒಳ್ಳೆಯದು ಹೇಳಬೇಕೆನಿಸಿತು, ನನಗೋಸ್ಕರ.

"ಇರ್ಲಿ ಬಿಡ್ರಿ," ಎಂದೆ. "ಹೆಂಗಾರೆ ಆಗ್ಲಿ, ತಾಯಿ ಮಗಳು ಕೂಡಿಧಂಗಾತು."

ಚನ್ನಬಸವ್ವ ತಿರುಗಿದಳು. ಇಷ್ಟು ತಿಂಗಳಲ್ಲಿ ಆಕೆ ನನ್ನ ಮೇಲೆ ದನಿ ಏರಿಸಿದವಳಲ್ಲ, ಅಂದೂ ಏರಿಸಲಿಲ್ಲ.

"ಬಾಯಿ ಮುಚ್ಚರಿ ರಾಯರ. ನಾ ನನ್ನ ಕಾಲಿಲೆ ಹೊರಗ ಬಂದಾಕಿ. ಇಲ್ಲಿದ್ದ ಮೂವತ್ತು ಮಂದೀನೂ ತಾವಾಗೇ ಬಿಟ್ಟು ಬಂದಾರ. ಈಕಿ ಬಿಟ್ಟು ಬಂದಿಲ್ಲ. ಈಕೀನ ನೀವು ಹೊರಗ ಹಾಕಿಸೀರಿ."

ನಾನು ನನ್ನ ಕುರ್ಚಿಗೆ ಬಂದು ಕೂತೆ.

ಹೊಸ್ತಿಲಿಗೆ ಹೊಸದಾಗಿ ಬರುವವರಿಗೆ ಒಂದು ಕಾಗದದ ಅರ್ಜಿ ಇದೆ. ಹೆಸರು, ಊರು, ವಯಸ್ಸು, ಅದರ ಕೆಳಗೆ 'ಮನೆ ಬಿಡಲು ಕಾರಣ' ಎಂಬ ಸಾಲು. ಅದನ್ನು ತುಂಬುವವಳು ಯಾವಾಗಲೂ ಚನ್ನಬಸವ್ವ. ಕುಡಿತ, ಹೊಡೆತ, ಸವತಿ, ವರದಕ್ಷಿಣೆ, ಇಂಥವೇ ಪದಗಳನ್ನು ಬರೆದು ಬರೆದು ಆಕೆಯ ಕೈಗೆ ರೂಢಿಯಾಗಿತ್ತು. ಅಂದು ಸಂಗವ್ವನ ಹೆಸರು ಬರೆದಳು, ಮುಗದ ಎಂದು ಬರೆದಳು, ಅರವತ್ತೊಂದು ಎಂದು ಬರೆದಳು. ಆಮೇಲೆ ಅರ್ಜಿಯನ್ನು ನನ್ನ ಕಡೆ ತಿರುಗಿಸಿ ಅದರ ಮೇಲೆ ಪೆನ್ನಿಟ್ಟಳು.

'ಗಂಡನ ಕೋಪ' ಎಂದು ಬರೆದೆ.

"ಖರೇ ಬರೀರಿ," ಎಂದಳು.

ಆ ಎರಡು ಶಬ್ದಗಳ ಮೇಲೆ ಗೀಟು ಎಳೆದೆ. ಕೆಳಗೆ ಬಿಂದುಮಾಧವ ಎಂದು ನನ್ನ ಹೆಸರು ಬರೆದೆ.

ಸಂಗವ್ವಗೆ ಓದಲು ಬರುವುದಿಲ್ಲ. ಏನು ಬರೆದಿರಿ ಎಂದು ಕೇಳಿದಳು. ಓದಿ ಹೇಳಿದೆ. ಆಕೆ ಹೌದೆಂದು ತಲೆ ಆಡಿಸಿ, ಹೆಬ್ಬೆರಳಿಗೆ ಮಸಿ ಹಚ್ಚಿಸಿಕೊಂಡು ನನ್ನ ಹೆಸರಿನ ಕೆಳಗೆ ಒತ್ತಿದಳು.